ಸಾರಿನ ಬಕೆಟ್ಟು, ದಾದರ್ ಲೋಕಲ್ ಮತ್ತು ಆಟಿಸಂ

(ಮುಂಬಯಿಯ ಮಾಟುಂಗದಲ್ಲಿ ಕನ್ನಡಿಗ ಪಾಲಕರಿಗಾಗಿ ನಡೆದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಆಟಿಸಂ, ಅಂದರೆ ಮೆದುಳು ಬೆಳೆಯುವ ರೀತಿಯೇ ಬೇರೆಯಾಗಿರುವ ಸ್ಥಿತಿ, ಅಂದ ಕೂಡಲೇ ಮಾತು ತಡವಾಗುವುದು, ಹೆಸರು ಕರೆದರೆ ತಿರುಗಿ ನೋಡದಿರುವುದು, ಇವೆಲ್ಲ ನೆನಪಾಗುತ್ತವೆ. ಅವುಗಳ ಬಗ್ಗೆ ನೀವು ಸಾಕಷ್ಟು ಕೇಳಿದ್ದೀರಿ. ಇವತ್ತು ಬರೀ ಕೈಕಾಲಿನ ವಿಷಯ ಮಾತಾಡೋಣ. ಆಟಿಸಂ ಇರುವ ಬಹಳಷ್ಟು ಜನ ನಡೆಯುವಾಗ ಎಡವುತ್ತಾರೆ. ಲೋಟ ಜಾರಿ ಬೀಳುತ್ತದೆ. ಚೆಂಡು ಎಸೆದರೆ ಎದೆಗೆ ಬಡಿದ ಮೇಲೆ ಕೈ ಮುಂದೆ ಬರುತ್ತದೆ. ಶರ್ಟಿನ ಗುಂಡಿ ಹಾಕುವಷ್ಟರಲ್ಲಿ ಸ್ಕೂಲ್ ಬಸ್ಸು ಹೋಗಿರುತ್ತದೆ. ಮನೆಯವರು ಇದನ್ನು ಆಟಿಸಂ ಲೆಕ್ಕಕ್ಕೇ ತರುವುದಿಲ್ಲ. "ಮೈಮೇಲೆ ಎಚ್ಚರ ಇಲ್ವಾ ನಿಂಗೆ?" ಅಂತ ಬೈದು ಮುಗಿಸುತ್ತಾರೆ.

ನನ್ನ ಅನುಭವದಲ್ಲಿ ಈ ಬೈಗುಳ ಪೂರ್ತಿ ಉಲ್ಟಾ. ಅವರ ಎಚ್ಚರವೆಲ್ಲ ಆ ಗುಂಡಿಯಲ್ಲೇ ಖರ್ಚಾಗುತ್ತಿರುತ್ತದೆ. ನಮಗೆ ತಾನಾಗಿ ಆಗುವ ಕೆಲಸ ಅವರಿಗೆ ಪ್ರತಿ ಸಲವೂ ಹೊಸದಾಗಿ ಮಾಡುವ ಕೆಲಸ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಉಣ್ಣುವುದು, ಉಡುವುದು, ಬರೆಯುವುದು, ಅಡುಗೆ ಮಾಡುವುದು, ಇಂಥ ದಿನದಿನದ ಕೆಲಸ ಕಷ್ಟವಾದವರಿಗೆ ದಾರಿ ಹುಡುಕಿಕೊಡುವುದು ನಮ್ಮ ಉದ್ಯೋಗ. ಈ ವಿದ್ಯೆ ನಮ್ಮ ದೇಶದಲ್ಲಿ ಶುರುವಾಗಿದ್ದೇ ಇಲ್ಲಿಂದ ಒಂದೆರಡು ಸ್ಟೇಷನ್ ಆಚೆ. 1950ರಲ್ಲಿ ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಅವರು ಭಾರತದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ಆದರೂ ಇವತ್ತಿಗೂ ನಮ್ಮನ್ನು ಮಸಾಜ್ ಮಾಡುವವರು ಅಂದುಕೊಳ್ಳುವವರಿದ್ದಾರೆ, ಇರಲಿ.

ನಮ್ಮವರ ಒಂದು ಹಬ್ಬದೂಟದಲ್ಲಿ ನೋಡಿದ್ದು ಹೇಳುತ್ತೇನೆ. ಆಟಿಸಂ ಇರುವ, ಕಾಲೇಜಿಗೆ ಹೋಗುವ ಹುಡುಗ. ಬಡಿಸೋಕೆ ಬಂದಿದ್ದಾನೆ ಅಂತ ಸಾರಿನ ಬಕೆಟ್ಟು ಕೈಗೆ ಕೊಟ್ಟರು. ಎಡಗೈಯಲ್ಲಿ ಭಾರ, ಮೈ ಒಂದು ಕಡೆ ವಾಲುತ್ತದೆ. ಬಡಿಸುತ್ತಾ ಹೋದಂತೆ ಭಾರ ಕಡಿಮೆಯಾಗುತ್ತದೆ, ಹಾಗಾಗಿ ವಾಲುವ ಲೆಕ್ಕವೂ ಬದಲಾಗುತ್ತದೆ. ಬಗ್ಗಬೇಕು, ಬಕೆಟ್ಟು ಎಲೆಗೆ ತಾಗಬಾರದು. ಸೌಟು ಅನ್ನದ ಗುಣಿಗೆ ಸರಿಯಾಗಿ ಬರಬೇಕು. ಅಷ್ಟರಲ್ಲಿ ಅಜ್ಜ ಒಬ್ಬರು ಎಲೆಗೆ ಕೈ ಅಡ್ಡ ಇಟ್ಟು "ಸಾಕು ಸಾಕು" ಅನ್ನುತ್ತಾರೆ. ಹಿಂದಿನಿಂದ ಪಲ್ಯದವರು "ಬೇಗ ಹೋಗಪ್ಪಾ" ಅನ್ನುತ್ತಾರೆ. ಕೆಳಗೆ ನೆಲ ಒದ್ದೆ, ಮೇಲೆ ಮೈಕಿನ ಗಲಾಟೆ. ಸಾರು ಎಲೆ ದಾಟಿ ಅಜ್ಜನ ಪಂಚೆಗೆ ಹೋಯಿತು. "ಬಿಡೋ, ನಿಂಗಾಗಲ್ಲ" ಅಂತ ಯಾರೋ ಬಕೆಟ್ಟು ಕಿತ್ತುಕೊಂಡರು.

ಅವನ ತಾಯಿ ಜಾಣೆ. ಮುಂದಿನ ಪಂಕ್ತಿಗೆ ಎಲೆ ಹಾಕಿದ ಮೇಲೆ, ಜನ ಕೂರುವ ಮೊದಲು, ಉಪ್ಪು ಉಪ್ಪಿನಕಾಯಿ ಅವನ ಕೈಗೆ ಕೊಟ್ಟರು. ಕೈಯಲ್ಲಿ ಭಾರವಿಲ್ಲ, ಅವಸರವಿಲ್ಲ, ಎದುರಿಗೆ ಯಾರೂ ಇಲ್ಲ. ಒಂದು ಎಲೆಯೂ ತಪ್ಪಲಿಲ್ಲ. ಉಪ್ಪು ಎಲ್ಲ ಎಲೆಯಲ್ಲೂ ಅದೇ ಎಡ ತುದಿಯಲ್ಲಿ ಬಿತ್ತು. ಹುಡುಗ ಅವನೇ, ಕೈಯೂ ಅದೇ. ಒಂದೇ ಹೊತ್ತಿಗೆ ಎಷ್ಟು ಕೆಲಸ ನಿಭಾಯಿಸಬೇಕಿತ್ತು ಅನ್ನುವುದಷ್ಟೇ ಬೇರೆ.

ಇದು ಹೊಸ ವಿಷಯವೇನಲ್ಲ. 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದಲೇ ಆಟಿಸಂ ಚರ್ಚೆ ಶುರುವಾಯಿತು ಅನ್ನಬಹುದು. ಕೆಲವು ಮಕ್ಕಳ ನಡಿಗೆ ಒಡ್ಡೊಡ್ಡಾಗಿದೆ ಅಂತ ಅವರು ಆಗಲೇ ಗಮನಿಸಿದ್ದರು. ಆದರೆ ಬೆರಳ ಕೆಲಸದಲ್ಲಿ ಎಲ್ಲರೂ ಚುರುಕು ಅಂದುಬಿಟ್ಟರು. ಮರುವರ್ಷ ವಿಯೆನ್ನಾದಲ್ಲಿ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್ ಕೂಡ ತಾವು ನೋಡಿದ ಮಕ್ಕಳ ಕೈಕಾಲಿನ ತೊಡಕನ್ನು ಬರೆದರು. ಇಷ್ಟಾದರೂ ರೋಗನಿರ್ಣಯದ ಪಟ್ಟಿಯಲ್ಲಿ ಇದಕ್ಕೆ ಮುಖ್ಯ ಜಾಗ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಕೈಕಾಲಿನ ಹೊಂದಾಣಿಕೆಯ ತೊಂದರೆಗೇ ಡಿಸಿಡಿ (ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್) ಅಂತ ಬೇರೆ ಹೆಸರಿದೆ, ಹಲವರು ಡಿಸ್ಪ್ರಾಕ್ಸಿಯಾ ಅಂತಲೂ ಕರೆಯುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ ಆಟಿಸಂ ಇದ್ದವರಿಗೆ ಜೊತೆಗೆ ಡಿಸಿಡಿ ಅನ್ನುವ ಹೆಸರು ಕೊಡಲು ಬಿಡುತ್ತಲೇ ಇರಲಿಲ್ಲ. 2013ರ ಆವೃತ್ತಿಯಿಂದ ಎರಡನ್ನೂ ಒಟ್ಟಿಗೆ ಬರೆಯಬಹುದು.

ಎಷ್ಟು ಜನರಿಗೆ ಈ ತೊಂದರೆ? ಅಮೆರಿಕದಲ್ಲಿ ಆಟಿಸಂ ಇರುವ ಹನ್ನೊಂದು ಸಾವಿರಕ್ಕೂ ಹೆಚ್ಚು ಮಕ್ಕಳ ಪಾಲಕರಿಂದ ಪ್ರಶ್ನಾವಳಿ ತುಂಬಿಸಿಕೊಂಡ ಅಧ್ಯಯನ 2020ರಲ್ಲಿ ಬಂತು. ಶೇಕಡ 87ರಷ್ಟು ಮಕ್ಕಳಲ್ಲಿ ಇಂಥ ತೊಂದರೆಯ ಸೂಚನೆ ಇತ್ತು. ಫಿಸಿಯೋಥೆರಪಿ ಸಿಗುತ್ತಿದ್ದದ್ದು ಮೂವರಲ್ಲಿ ಒಬ್ಬರಿಗೂ ಇಲ್ಲ. ಪ್ರಶ್ನಾವಳಿ ಅಂದಮೇಲೆ ಅದು ಸೂಚನೆ ಮಾತ್ರ, ತಪಾಸಣೆ ಅಲ್ಲ. ಎಲ್ಲರೂ ಹೀಗೇ ಅಂತಲೂ ಅಲ್ಲ. ಕಿಟಕಿ ಸರಳು ಹಿಡಿದು ಮಂಗನ ಹಾಗೆ ಹತ್ತುವ ಮಕ್ಕಳೂ ನನ್ನ ಹತ್ತಿರ ಬರುತ್ತಾರೆ, ಆದರೆ ಅವರಲ್ಲೂ ಕೆಲವರಿಗೆ ಪೆನ್ಸಿಲ್ ಹಿಡಿಯಲು ಬರುವುದಿಲ್ಲ.

ಒಳಗೆ ಏನು ನಡೆಯುತ್ತದೆ? ಕಣ್ಣು ಮುಚ್ಚಿಕೊಂಡು ಮೂಗು ಮುಟ್ಟಿ ನೋಡಿ. ಮುಟ್ಟಿತಲ್ವಾ? ಕೈ ಎಲ್ಲಿದೆ ಅಂತ ಕೀಲು, ಸ್ನಾಯುಗಳು ಮೆದುಳಿಗೆ ಹೇಳುತ್ತಲೇ ಇರುತ್ತವೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮಕ್ಕಳ ಕೈಗೆ ರೋಬಾಟ್ ಹಿಡಿ ಕೊಟ್ಟರು. ಅದನ್ನು ಗುರಿಗೆ ಒಯ್ಯುವಾಗ ಯಂತ್ರ ಪಕ್ಕಕ್ಕೆ ತಳ್ಳುತ್ತದೆ, ಮಗು ಸರಿಪಡಿಸಿಕೊಂಡು ಕಲಿಯಬೇಕು. ಆಟಿಸಂ ಇರುವ ಮಕ್ಕಳೂ ಕಲಿತರು. ಆದರೆ ಕಣ್ಣಿಗೆ ಕಾಣುವುದಕ್ಕಿಂತ ಕೀಲು, ಸ್ನಾಯು ಹೇಳುವುದನ್ನೇ ಅವರು ಬೇರೆ ಮಕ್ಕಳಿಗಿಂತ ಜಾಸ್ತಿ ನೆಚ್ಚಿಕೊಂಡರು. ಚೆಂಡು ಹಿಡಿಯುವುದು ಯಾಕೆ ಕಷ್ಟ ಅಂತ ಇದರಿಂದ ಸ್ವಲ್ಪ ತಿಳಿಯುತ್ತದೆ. ಅಲ್ಲಿ ಕಣ್ಣು ಮುಂದಾಗಿ ಕೈಗೆ ಹೇಳಬೇಕು. ಇದರ ಜೊತೆಗೆ ಕೆಲವರಿಗೆ ಸ್ನಾಯು ಸಡಿಲ, ಕೆಲವರು ತುದಿಗಾಲಲ್ಲಿ ನಡೆಯುತ್ತಾರೆ. ಚಲನೆಯನ್ನು ಹದಗೊಳಿಸುವ ಕಿರುಮೆದುಳಿನಲ್ಲೂ ವ್ಯತ್ಯಾಸಗಳು ಕಂಡುಬಂದಿವೆ.

ಹಾಗಾಗಿ "ನೋಡಿ ಕಲ್ತುಕೋ" ಅನ್ನುವ ಪಾಠ ಇವರಿಗೆ ಅಷ್ಟಾಗಿ ಹತ್ತುವುದಿಲ್ಲ. ರಾಜ್ಯೋತ್ಸವದ ಕೋಲಾಟಕ್ಕೆ ಕಲಿಸುವಾಗ ಟೀಚರ್ ಎದುರು ನಿಂತು ತೋರಿಸುತ್ತಾರೆ. ಎಡ ಬಲ ಅದಲು ಬದಲು, ತಾಳ ಬೇರೆ, ಜೊತೆಯವರ ಕೋಲು ಬೇರೆ. ಪಕ್ಕದಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ಮಗು ಒಪ್ಪಿದರೆ ಕೈ ಹಿಡಿದೇ ಆಡಿಸಿ. ತಾಳ ಇಲ್ಲದೆ ನಿಧಾನಕ್ಕೆ ಮಾಡಿಸಿ, ಆಮೇಲೆ ತಾಳ ಸೇರಿಸಿ.

ಈಗ ದಾದರ್ ಸ್ಟೇಷನ್ ವಿಷಯ. ಲೋಕಲ್ ರೈಲು ನಿಲ್ಲುವುದೇ ಕೆಲವು ಸೆಕೆಂಡು. ಇಳಿಯುವವರ ನಡುವೆ ಸಂದಿ ಹುಡುಕಿ, ಕಂಬಿ ಹಿಡಿದು, ಕಾಲೆತ್ತಿ ಇಡಬೇಕು. ನಮಗೆ ಅಭ್ಯಾಸಬಲ. ಇವರಿಗೆ ಆ ಪ್ರತಿ ಹೆಜ್ಜೆಯನ್ನೂ ಯೋಚಿಸಿ ಮಾಡಬೇಕು, ಯೋಚಿಸುವಷ್ಟರಲ್ಲಿ ಗಾಡಿ ಹೊರಟಿರುತ್ತದೆ. ದಯವಿಟ್ಟು ಬೆನ್ನ ಮೇಲೆ ಕೈಯಿಟ್ಟು ತಳ್ಳಬೇಡಿ. ಭಾನುವಾರ ಮಧ್ಯಾಹ್ನ ಅಭ್ಯಾಸ ಮಾಡಿಸಿ, ಸ್ಲೋ ಗಾಡಿಯಲ್ಲಿ. ಪ್ರತಿ ಸಲ ಅದೇ ಬಾಗಿಲು, ಅದೇ ಕಂಬಿ. ನೌಕರಿ ಸಿಕ್ಕವರಾದರೆ ಕೆಲಸದ ಹೊತ್ತು ಒಂದು ಗಂಟೆ ಆಚೀಚೆ ಮಾಡಿಕೊಡಿ ಅಂತ ಆಫೀಸಿನಲ್ಲಿ ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಥೆರಪಿ ಬಗ್ಗೆ ಒಂದು ಮಾತು, ನಮ್ಮ ಥೆರಪಿಸ್ಟರಿಗೇ ಸ್ವಲ್ಪ ಕಹಿಯಾದೀತು. ಉಯ್ಯಾಲೆ, ದೊಡ್ಡ ಚೆಂಡು, ಬಣ್ಣದ ಮ್ಯಾಟ್ ನೋಡಿ ಪಾಲಕರು ಖುಷಿಪಡುತ್ತಾರೆ. ಮಗುವಿಗೂ ಖುಷಿ ಇರಬಹುದು. ಆದರೆ ಚೆಂಡಿನ ಮೇಲೆ ಕೂತು ಕಲಿತದ್ದು ತಾನಾಗಿ ಗುಂಡಿ ಹಾಕುವುದಕ್ಕೆ ಬಂದು ಸೇರುವುದಿಲ್ಲ. ಗುಂಡಿ ಹಾಕುವುದು ಬರಬೇಕಾದರೆ ಗುಂಡಿಯನ್ನೇ ಹಾಕಬೇಕು. ಕೆನಡಾದ ಹೆಲೀನ್ ಪೊಲಟಾಯ್ಕೊ ಮತ್ತು ಅವರ ಜೊತೆಗಾರರು ಬೆಳೆಸಿದ ಒಂದು ಕ್ರಮ ನನಗೆ ಇಷ್ಟ. ಏನು ಬೇಕು ಅಂತ ಕಲಿಯುವವರೇ ಹೇಳುತ್ತಾರೆ. ಹೇಗೆ ಮಾಡಬಹುದು ಅಂತ ಅವರೇ ಯೋಚಿಸುತ್ತಾರೆ, ಮಾಡುತ್ತಾರೆ, ಆಯಿತಾ ಇಲ್ಲವಾ ಅಂತ ಅವರೇ ನೋಡಿಕೊಳ್ಳುತ್ತಾರೆ. ನಮ್ಮ ಕೆಲಸ ಪ್ರಶ್ನೆ ಕೇಳುವುದು ಮಾತ್ರ.

ಆಟಿಸಂ ಇರುವ ಯುವತಿಯೊಬ್ಬರಿಗೆ ಸ್ವಂತ ಚಹಾ ಮಾಡಿಕೊಳ್ಳುವ ಆಸೆ. ಕುದಿಸುವುದು ಬರುತ್ತದೆ, ಸೋಸುವಾಗ ಸುಟ್ಟುಕೊಳ್ಳುತ್ತಾರೆ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಜರಡಿ, ಎರಡೂ ಅಲ್ಲಾಡುತ್ತವೆ. "ಏನು ಮಾಡಿದರೆ ಒಂದು ಕೈ ಸಾಕಾಗುತ್ತೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಗಲ ಬಾಯಿಯ ಮಗ್ ತಂದು ಸಿಂಕಿನಲ್ಲಿಟ್ಟರು. ಅದರ ಮೇಲೆ ಜರಡಿ ಕೂರಿಸಿದರು. ಇಕ್ಕಳವನ್ನು ಎರಡು ಕೈಯಲ್ಲಿ ಹಿಡಿದು ಸುರಿದರು. ಒಂದಿಷ್ಟು ಚೆಲ್ಲಿತು, ಚೆಲ್ಲಿದ್ದು ಸಿಂಕಿಗೆ ಹೋಯಿತು. ನನಗೆ ಹೊಳೆದಿದ್ದ ಉಪಾಯಕ್ಕಿಂತ ಅದು ಚೆನ್ನಾಗಿತ್ತು.

ವೆಲ್ಕ್ರೋ ಶೂ, ಎಲಾಸ್ಟಿಕ್ ಪ್ಯಾಂಟು, ಅರ್ಧ ತುಂಬಿಸಿದ ಲೋಟ, ಇವೆಲ್ಲ ಸೋಲಲ್ಲ. ಕ್ರಿಕೆಟ್ ಬೇಡ ಅಂದರೆ ಬಿಡಿ, ಈಜು ಇದೆ, ಸಹ್ಯಾದ್ರಿಯ ಚಾರಣ ಇದೆ.

ಕೈಬರಹದ ಬಗ್ಗೆ ಮಾತ್ರ ಸ್ವಲ್ಪ ಜೋರಾಗಿ ಹೇಳಬೇಕು. 2009ರ ಇನ್ನೊಂದು ಅಧ್ಯಯನದಲ್ಲಿ ಆಟಿಸಂ ಇರುವ ಮಕ್ಕಳಿಗೆ ಕಷ್ಟವಾಗಿದ್ದು ಅಕ್ಷರದ ಆಕಾರ. ಗಾತ್ರ, ಅಂತರ ಬೇರೆ ಮಕ್ಕಳಷ್ಟೇ ಸರಿಯಿತ್ತು. ನಮ್ಮ ಮುಂಬಯಿ ಮಕ್ಕಳು ಇಂಗ್ಲಿಷ್, ದೇವನಾಗರಿ ಎರಡನ್ನೂ ಬರೆಯಬೇಕು. ಮೇಲೆ ನಾವು ಭಾನುವಾರ ಕನ್ನಡದ ಒತ್ತಕ್ಷರ ಹೇರುತ್ತೇವೆ. ಕನ್ನಡ ಕಲಿಸಿ, ಬೇಡ ಅನ್ನುತ್ತಿಲ್ಲ. ಓದಲಿ, ಮಾತಾಡಲಿ, ಕೀಬೋರ್ಡಿನಲ್ಲಿ ಬರೆಯಲಿ. ಕಾಪಿ ಬರೆಸುವುದನ್ನು ಶಿಕ್ಷೆ ಮಾಡಬೇಡಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಇದೆ. ಪರೀಕ್ಷೆಯಲ್ಲಿ ಬರೆಯುವವರ ನೆರವು, ಹೆಚ್ಚಿನ ಸಮಯ ಕೇಳಬಹುದು. ಕೇಂದ್ರದ 2018ರ ಮಾರ್ಗಸೂಚಿ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಅಂದಿತ್ತು. ಬೋರ್ಡಿನ ನಿಯಮ, ಬೇಕಾದ ಸರ್ಟಿಫಿಕೇಟು ಎಲ್ಲ ಒಂಬತ್ತನೇ ತರಗತಿಯಲ್ಲೇ ವಿಚಾರಿಸಿಕೊಳ್ಳಿ. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡಿದರೆ ಪ್ರಯೋಜನವಿಲ್ಲ.

ಇನ್ನೊಂದು ಎಚ್ಚರಿಕೆ. ಮೊದಲು ಬರುತ್ತಿದ್ದ ಕೆಲಸ ಈಗ ಬರುತ್ತಿಲ್ಲ, ಬೀಳುವುದು ದಿನೇ ದಿನೇ ಜಾಸ್ತಿಯಾಗುತ್ತಿದೆ, ಒಂದೇ ಕಡೆಯ ಕೈಕಾಲು ಸೋಲುತ್ತಿದೆ, ನೆಲದಿಂದ ಏಳಲು ತೊಡೆಗೆ ಕೈ ಊರಬೇಕಾಗುತ್ತಿದೆ. ಇವನ್ನು ಆಟಿಸಂ ಖಾತೆಗೆ ಬರೆದು ಕೂರಬೇಡಿ. ಸ್ನಾಯುವಿನ ಕಾಯಿಲೆ, ನರದ ತೊಂದರೆ ಇರಬಹುದು, ಕೂಡಲೇ ಮಕ್ಕಳ ಡಾಕ್ಟರಿಗೆ ತೋರಿಸಿ. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಎಷ್ಟೋ ಮಕ್ಕಳಿಗೆ ಕನ್ನಡಕ ಬೇಕಾಗಿದ್ದುದು ಯಾರಿಗೂ ಹೊಳೆದೇ ಇರುವುದಿಲ್ಲ.

ಈಗ ನಿಮ್ಮ ಪ್ರಶ್ನೆ ಕೇಳಿ. ಹಿಂದಿನ ಸಾಲಿನಲ್ಲಿ ಆಗಲೇ ಕೈ ಎತ್ತಿದ್ದೀರಲ್ಲ ಅಮ್ಮಾ, ಮೊದಲು ನೀವೇ ಹೇಳಿ.