ಹ್ಯಾಮಿಲ್ಟನ್ ಯಾಕೆ ‘ಬರಲ್ಲ’ ಅನ್ನಲಿಲ್ಲ?

(ಪರದೆ: ಬೆಳಗಿನ ಹಡ್ಸನ್ ನದಿ)

ನಮಸ್ಕಾರ. 1804ರ ಜುಲೈ 11. ನ್ಯೂಯಾರ್ಕ್‌ನಿಂದ ಎರಡು ದೋಣಿಗಳು ನದಿ ದಾಟಿ ನ್ಯೂಜೆರ್ಸಿಯ ವೀಹಾಕನ್ ದಡಕ್ಕೆ ಬಂದವು. ಒಂದರಲ್ಲಿ ಅಮೆರಿಕದ ಉಪಾಧ್ಯಕ್ಷ ಆರನ್ ಬರ್. ಇನ್ನೊಂದರಲ್ಲಿ ದೇಶದ ಮೊದಲ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್.

ಇಬ್ಬರೂ ಬಂದದ್ದು ಡ್ಯುಯೆಲ್‌ಗೆ, ಅಂದರೆ ಮರ್ಯಾದೆಯ ಜಗಳ ತೀರಿಸಲು ಎದುರುಬದುರು ನಿಂತು ಗುಂಡು ಹಾರಿಸುವ ಕಾಳಗಕ್ಕೆ. ಅದು ಕಾನೂನಿಗೆ ವಿರುದ್ಧ. ಅದಕ್ಕೇ ಪಿಸ್ತೂಲುಗಳನ್ನು ಚೀಲದಲ್ಲಿ ಮುಚ್ಚಿಟ್ಟು ತಂದಿದ್ದರು. ದೋಣಿ ನಡೆಸುವವರು ಅತ್ತ ಬೆನ್ನು ಹಾಕಿ ನಿಂತರು. ನಾಳೆ ಕೋರ್ಟಿನಲ್ಲಿ ‘ನಾವೇನೂ ನೋಡಿಲ್ಲ’ ಅನ್ನಬೇಕಲ್ವಾ?

ಜಗಳ ಹುಟ್ಟಿದ್ದು ಪೇಪರಿನಲ್ಲಿ ಅಚ್ಚಾದ ಒಂದು ಪತ್ರದಿಂದ. ಬರ್ ಬಗ್ಗೆ ಹ್ಯಾಮಿಲ್ಟನ್ ತೀರಾ ಕೀಳಾಗಿ ಮಾತಾಡಿದ್ದಾರೆ ಅಂತ ಅದರಲ್ಲಿತ್ತು. ಏನು ಮಾತಾಡಿದರು ಅಂತ ಮಾತ್ರ ಇರಲಿಲ್ಲ! ಗವರ್ನರ್ ಚುನಾವಣೆ ಸೋತು ನೊಂದಿದ್ದ ಬರ್ ವಿವರಣೆ ಕೇಳಿದರು. ಹ್ಯಾಮಿಲ್ಟನ್ ಆ ‘ಕೀಳಾಗಿ’ ಅನ್ನುವ ಪದದ ಅರ್ಥ ಹಿಡಿದು ವಾದಕ್ಕಿಳಿದರು. ಕೊನೆಗೆ ಬರ್ ಡ್ಯುಯೆಲ್‌ಗೆ ಕರೆದರು.

ಆಗ ರಾಜಕಾರಣಿಗೆ ಮರ್ಯಾದೆಯೇ ಬಂಡವಾಳ. ಡ್ಯುಯೆಲ್‌ಗೆ ಕರೆ ಬಂದಾಗ ಹಿಂದೆ ಸರಿದರೆ ಹೇಡಿ ಅಂತ ಹೆಸರು. ಆಮೇಲೆ ಅವರ ಮಾತು ಯಾರೂ ಕೇಳಲ್ಲ. ಆದರೂ ಇಂಥ ಎಷ್ಟೋ ಜಗಳಗಳು ಪತ್ರದಲ್ಲೇ, ಮಧ್ಯಸ್ಥರ ಮಾತಿನಲ್ಲೇ ಮುಗಿಯುತ್ತಿದ್ದವು. ಹ್ಯಾಮಿಲ್ಟನ್ ಕೂಡ ಹಿಂದೆ ಹಲವು ಸಲ ಹಾಗೇ ಪಾರಾಗಿದ್ದರು.

(ಪರದೆ: ಫಿಲಿಪ್ ಚಿತ್ರ)

ಈ ಹುಡುಗನನ್ನು ನೋಡಿ. ಹ್ಯಾಮಿಲ್ಟನ್ ಹಿರಿಯ ಮಗ ಫಿಲಿಪ್, 19 ವರ್ಷ. 1801ರ ನವೆಂಬರ್‌ನಲ್ಲಿ, ಅಪ್ಪನನ್ನು ಹೀಯಾಳಿಸಿದವನ ಜೊತೆ ಜಗಳ ತೆಗೆದು, ಇದೇ ನ್ಯೂಜೆರ್ಸಿ ದಡದಲ್ಲಿ ಡ್ಯುಯೆಲ್‌ಗೆ ನಿಂತು ಸತ್ತ. ಮಗನನ್ನು ಮಣ್ಣು ಮಾಡಿ ಮೂರು ವರ್ಷ ತುಂಬಿರಲಿಲ್ಲ, ಅಪ್ಪನೂ ಅದೇ ದಾರಿ ಹಿಡಿದರು. ಇದನ್ನು ಎಷ್ಟು ಸಲ ಓದಿದರೂ ನನಗೆ ಸಂಕಟವಾಗುತ್ತದೆ.

ಮೊದಲ ಗುಂಡನ್ನು ಬರ್‌ಗೆ ತಾಗದ ಹಾಗೆ ಹಾರಿಸುತ್ತೇನೆ ಅಂತ ಹ್ಯಾಮಿಲ್ಟನ್ ಮೊದಲೇ ಬರೆದಿಟ್ಟಿದ್ದರು. ಅದು ಬರ್‌ಗೆ ಗೊತ್ತಿರಲಿಲ್ಲ.

ಎರಡು ಗುಂಡು ಹಾರಿದವು. ಯಾರದು ಮೊದಲು ಅನ್ನುವುದರಲ್ಲಿ ಎರಡೂ ಕಡೆಯ ಸಾಕ್ಷಿಗಳ ಮಾತು ಹೊಂದಲಿಲ್ಲ. ಬರ್ ಗುಂಡು ಹ್ಯಾಮಿಲ್ಟನ್ ಬಲಸೊಂಟದ ಮೇಲೆ ಹೊಕ್ಕು ಬೆನ್ನುಮೂಳೆಯಲ್ಲಿ ನಿಂತಿತು. ಓಡಿಬಂದ ಡಾಕ್ಟರ್ ಹೊಸಾಕ್‌ಗೆ ‘ಇದು ಸಾಯಿಸುವ ಗಾಯ’ ಅಂತ ಅವರೇ ಹೇಳಿದರು.

ಬರ್ ಮೇಲೆ ಕೊಲೆ ಆರೋಪ ಬಂತು, ವಿಚಾರಣೆ ಮಾತ್ರ ನಡೆಯಲೇ ಇಲ್ಲ.

ಗುಂಡು ತಗುಲಿದ ಮರುದಿನ ಹ್ಯಾಮಿಲ್ಟನ್ ಹೆಂಡತಿ ಎಲೈಜಾ ಏಳು ಮಕ್ಕಳನ್ನು ಹಾಸಿಗೆ ಪಕ್ಕ ಸಾಲಾಗಿ ನಿಲ್ಲಿಸಿದರು. ಕೊನೆಯ ಮಗುವಿಗೆ ಎರಡೇ ವರ್ಷ. ಸತ್ತ ಅಣ್ಣನ ಹೆಸರೇ ಅದಕ್ಕೂ, ಫಿಲಿಪ್. ಹ್ಯಾಮಿಲ್ಟನ್‌ಗೆ ಮಾತೇ ಹೊರಡಲಿಲ್ಲ. ಒಂದು ಸಲ ಕಣ್ಣು ತೆರೆದು ಎಲ್ಲರನ್ನೂ ನೋಡಿದರು. ಆಮೇಲೆ ಮಕ್ಕಳನ್ನು ಆಚೆ ಕರೆದೊಯ್ಯುವವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದರು.