ಹಡಗಿನ ಹೆಚ್ಚುವರಿ ಊಟ: ಏಳು ರಾತ್ರಿಗೆ ಒಂದು ಸಾಕು

ನಮಸ್ಕಾರ. ಮುಂಬೈಯ ಮಾಟುಂಗದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಉಂಡವರಿಗೆಲ್ಲ ಒಂದು ಲೆಕ್ಕ ಗೊತ್ತಿರುತ್ತದೆ. 1942ರಿಂದ ನಡೆದುಬಂದಿರುವ ಆ ಊಟದ ಮನೆಯಲ್ಲಿ ಪ್ಲೇಟ್ ಊಟಕ್ಕೆ ಒಂದು ದರ, ಬಾಳೆ ಎಲೆಯ ಊಟಕ್ಕೆ ಇನ್ನೊಂದು ದರ. ಹೆಚ್ಚು ಕೊಟ್ಟವರಿಗೆ ಸಾಕು ಸಾಕೆನ್ನುವ ತನಕ ಬಡಿಸುತ್ತಾರೆ. ಕ್ರೂಸ್ ಹಡಗು ಹತ್ತಿದ ಕೂಡಲೇ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಸಾಕೆನ್ನುವಷ್ಟು ತಿನ್ನುವುದು ಟಿಕೆಟ್ಟಿನಲ್ಲಿಯೇ ಸೇರಿರುತ್ತದೆ. ಮೇಲೆ ಹಣ ಕೊಟ್ಟರೆ ಸಿಗುವುದು ಕಡಿಮೆ ಜನ, ಕಡಿಮೆ ಗದ್ದಲ ಮತ್ತು ದೊಡ್ಡ ತಟ್ಟೆಯ ನಡುವೆ ಕಡಿಮೆ ಆಹಾರ.

ಇಂದಿನ ಮಾತು ಆ ಮೇಲಿನ ಹಣದ ಬಗ್ಗೆ. ಹಡಗಿನವರು ಅದನ್ನು ಸ್ಪೆಷಾಲ್ಟಿ ಡೈನಿಂಗ್ ಎನ್ನುತ್ತಾರೆ. ಮುಖ್ಯ ಊಟದ ಸಭಾಂಗಣವೂ ಬಫೆಯೂ ಟಿಕೆಟ್ ದರದೊಳಗೆ ಬರುತ್ತವೆ. ಅವುಗಳ ಹೊರತಾಗಿ ಸ್ಟೇಕ್‌ಹೌಸ್, ಇಟಾಲಿಯನ್, ಕಣ್ಣೆದುರೇ ಕಾವಲಿಯ ಮೇಲೆ ಬೇಯಿಸಿಕೊಡುವ ಜಪಾನಿನ ತೆಪ್ಪನ್ಯಾಕಿ ಮುಂತಾದ ಚಿಕ್ಕ ರೆಸ್ಟೋರೆಂಟ್‌ಗಳಿರುತ್ತವೆ, ಅವುಗಳಿಗೆ ತಲೆಗಿಷ್ಟು ಎಂದು ಪ್ರತ್ಯೇಕ ಬಿಲ್ಲು. ಬಲ್ಲಾರ್ಡ್ ಪಿಯರ್‌ನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾದ ಮೇಲೆ, ಡೊಂಬಿವಲಿಯ ಮದುವೆ ಮನೆಯಲ್ಲಾಗಲಿ ಮೀರಾ ರೋಡಿನ ಸಂಘದ ಸಭೆಯಲ್ಲಾಗಲಿ, ಹಡಗಿಗೆ ಹೋಗಿಬಂದ ಒಬ್ಬರಾದರೂ ಸಿಗುತ್ತಾರೆ. ಹೋಗಲಿರುವವರು ಅವರನ್ನು ಕೇಳುವ ಪ್ರಶ್ನೆ ಒಂದೇ. ಆ ಮೇಲಿನ ಊಟವನ್ನು ಎಷ್ಟು ಸಲ ತೆಗೆದುಕೊಳ್ಳಬೇಕು?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಐದು ರಾತ್ರಿಯವರೆಗಿನ ಪ್ರಯಾಣಕ್ಕೆ ಸೊನ್ನೆ, ಏಳು ರಾತ್ರಿಗೆ ಒಂದು, ಹತ್ತು ಮುಟ್ಟಿದರೆ ಎರಡು. ಮೂರು ಊಟ, ಐದು ಊಟ ಎಂದು ಕಟ್ಟಿ ಮಾರುವ ಪ್ಯಾಕೇಜ್ ಮಾತ್ರ ಯಾವ ಪ್ರಯಾಣಕ್ಕೂ ಬೇಡ.

ಹೆಚ್ಚುವರಿ ಊಟದ ಈ ಪದ್ಧತಿ ಹೊಸದೇನಲ್ಲ. 1905ರಲ್ಲಿ ಹ್ಯಾಂಬರ್ಗ್ ಅಮೆರಿಕ ಲೈನ್ ತನ್ನ ಅಮೆರಿಕಾ ಎಂಬ ಹಡಗಿನಲ್ಲಿ ರಿಟ್ಜ್ ಹೆಸರಿನ ರೆಸ್ಟೋರೆಂಟ್ ತೆರೆದು, ಬೇಕಾದದ್ದನ್ನು ಬೇಕಾದ ಹೊತ್ತಿಗೆ ಹೇಳಿ ತರಿಸಿಕೊಳ್ಳುವ ಸೌಲಭ್ಯವನ್ನು ಸಮುದ್ರಕ್ಕೆ ತಂದಿತು. ಟೈಟಾನಿಕ್‌ನ ಬಿ ಡೆಕ್ಕಿನ ರೆಸ್ಟೋರೆಂಟ್ ಕೂಡ ಇದೇ ಬಗೆಯದು; ಅದನ್ನು ನಡೆಸುತ್ತಿದ್ದವನು ಲೂಯಿಜಿ ಗಟ್ಟಿ ಎಂಬ ಇಟಲಿಯ ಗುತ್ತಿಗೆದಾರ. (ಹೆಸರು ಕೇಳಿದರೆ ನಮ್ಮ ಮಂಗಳೂರಿನವನಂತೆ ಅನ್ನಿಸುತ್ತದೆ, ಅಲ್ಲ.) ಆದರೆ ಟೈಟಾನಿಕ್‌ನ ಮಾಲೀಕರಾದ ವೈಟ್ ಸ್ಟಾರ್ ಕಂಪನಿ ಅಂದು ಪಾಲಿಸಿದ ಒಂದು ನ್ಯಾಯ ಇಂದು ಮರೆತೇ ಹೋಗಿದೆ. ಸಾಮಾನ್ಯ ಊಟದ ಕೋಣೆ ನನಗೆ ಬೇಡವೇ ಬೇಡ, ಇಡೀ ಪ್ರಯಾಣ ರೆಸ್ಟೋರೆಂಟಿನಲ್ಲಿಯೇ ಉಣ್ಣುತ್ತೇನೆ ಎಂದು ಮೊದಲೇ ತಿಳಿಸಿದ ಪ್ರಯಾಣಿಕನಿಗೆ ಟಿಕೆಟ್ ದರದಲ್ಲಿ 3ರಿಂದ 5 ಪೌಂಡ್ ಕಡಿತ ಮಾಡುತ್ತಿದ್ದರು. ಉಣ್ಣದ ಊಟಕ್ಕೆ ಹಣ ಬೇಡ ಎಂಬ ಸರಳ ಮರ್ಯಾದೆ ಅದು. ಇಂದು ನೀವು ಏಳೂ ರಾತ್ರಿ ಸ್ಟೇಕ್‌ಹೌಸಿನಲ್ಲಿಯೇ ಕುಳಿತರೂ, ಮುಖ್ಯ ಸಭಾಂಗಣದಲ್ಲಿ ನಿಮ್ಮ ಹೆಸರಿನಲ್ಲಿ ಖಾಲಿ ಉಳಿದ ಕುರ್ಚಿಗೆ ಪೂರ್ಣ ಬೆಲೆ ತೆತ್ತಿರುತ್ತೀರಿ.

ಹಾಗಾಗಿ ಹೋಲಿಕೆ ಮಾಡುವಾಗ ಬಹಳ ಮಂದಿ ಎಡವುತ್ತಾರೆ. ಬಾಂದ್ರಾದಲ್ಲಿ ಇಂಥ ಊಟಕ್ಕೆ ಇಷ್ಟೇ ಆಗುತ್ತದೆ, ಆದ್ದರಿಂದ ಹಡಗಿನ ದರವೂ ನ್ಯಾಯವೇ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಬಾಂದ್ರಾಕ್ಕೆ ಹೋದ ರಾತ್ರಿ ನೀವು ಮನೆಯಲ್ಲಿ ಅಡುಗೆ ಮಾಡಿಟ್ಟು, ಅದನ್ನು ಮುಟ್ಟದೆ ಚೆಲ್ಲಿ ಹೋಗಿರುವುದಿಲ್ಲ. ಹಡಗಿನಲ್ಲಿ ಆಗುವುದು ಅದೇ. ತಲೆಗೆ 50 ಡಾಲರ್ ದರವಿದೆ ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇ. 18ರಷ್ಟು ಸೇವಾ ಶುಲ್ಕ ತಾನಾಗಿಯೇ ಸೇರುತ್ತದೆ, 59 ಆಯಿತು. ಇಬ್ಬರಿಗೆ 118. ಡಾಲರಿಗೆ 90 ರೂಪಾಯಿ ಹಿಡಿದರೆ 10,620 ರೂಪಾಯಿ, ಅದರ ಮೇಲೆ ಕಾರ್ಡಿನವರ ವಿದೇಶಿ ವಿನಿಮಯ ಶುಲ್ಕ. ಇಷ್ಟು ಹಣ ಹೋಗುತ್ತಿರುವುದು ಒಂದು ಊಟಕ್ಕಲ್ಲ. ಆಗಲೇ ಹಣ ಕೊಟ್ಟಾಗಿರುವ ಊಟಕ್ಕಿಂತ ಈ ಊಟ ಎಷ್ಟು ಮೇಲು ಎಂಬ ವ್ಯತ್ಯಾಸಕ್ಕೆ. ಹತ್ತು ಸಾವಿರದ ವ್ಯತ್ಯಾಸ ನಾಲಿಗೆಗೆ ಗೊತ್ತಾಗಬೇಕು. ಗೊತ್ತಾಗುವುದು ಕೆಲವು ಅಡುಗೆಗಳಲ್ಲಿ ಮಾತ್ರ.

ಯಾವುದರಲ್ಲಿ ಎಂಬುದನ್ನು ಹಡಗಿನ ಅಡುಗೆಮನೆಯೇ ಹೇಳುತ್ತದೆ. ಮುಖ್ಯ ಸಭಾಂಗಣದ ಗ್ಯಾಲಿ (ಅಡುಗೆಮನೆ) ಒಂದು ಸರದಿಗೆ ನೂರಾರು, ದೊಡ್ಡ ಹಡಗಾದರೆ ಸಾವಿರಕ್ಕೂ ಮೀರಿದ ತಟ್ಟೆಗಳನ್ನು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಡಿಸಬೇಕು. ಸೂಪು, ಗ್ರೇವಿ, ನಿಧಾನವಾಗಿ ಬೆಂದ ಮಾಂಸ, ಪುಡ್ಡಿಂಗ್‌ನಂಥವು ಈ ಒತ್ತಡವನ್ನು ತಾಳಿಕೊಳ್ಳುತ್ತವೆ. ನಮ್ಮ ಮದುವೆಯ ಅಡುಗೆಯಲ್ಲಿ ಹುಳಿ, ಸಾರು ರುಚಿಯಾಗಿದ್ದು ದೋಸೆ ಮಾತ್ರ ಚರ್ಮದಂತಾಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಬೆಂಕಿಯಿಂದ ಇಳಿದ ಎರಡು ನಿಮಿಷದಲ್ಲಿ ಎಲೆಗೆ ಬರಲೇಬೇಕಾದ ಪದಾರ್ಥಗಳು ದೊಡ್ಡ ಗ್ಯಾಲಿಯಲ್ಲಿ ಸೋಲುತ್ತವೆ: ಹದವಾಗಿ ಸುಟ್ಟ ಮೀನು, ಸಿಗಡಿ, ಆಗ ತಾನೇ ಕುದಿಸಿದ ಪಾಸ್ತಾ. ಅರವತ್ತು ಎಪ್ಪತ್ತು ಜನರಷ್ಟೇ ಕೂರುವ ಚಿಕ್ಕ ರೆಸ್ಟೋರೆಂಟಿಗೆ ಕೊಡುವ ಹಣಕ್ಕೆ ಅರ್ಥ ಬರುವುದು ಇಂಥವುಗಳಿಗಾಗಿ ಹೋದಾಗ. ಇನ್ನೊಂದು ವಿಷಯ ನಮ್ಮವರಿಗೆ ಮುಖ್ಯ. ಬೆಂಕಿಯ ಭಯದಿಂದ ಬಹುಪಾಲು ಕ್ರೂಸ್ ಹಡಗುಗಳ ಅಡುಗೆಮನೆಯಲ್ಲಿ ಗ್ಯಾಸಿನ ಜ್ವಾಲೆಯೇ ಇರುವುದಿಲ್ಲ, ಎಲ್ಲವೂ ವಿದ್ಯುತ್ ಒಲೆ. ಜ್ವಾಲೆಯ ಮೇಲೆ ಉಬ್ಬುವ ಫುಲ್ಕವನ್ನಾಗಲಿ, ಉರಿ ಏರಿದ ಬಾಣಲೆಯ ಹೊಗೆಯ ವಾಸನೆ ಹಿಡಿದ ಚೈನೀಸ್ ನೂಡಲ್ಸನ್ನಾಗಲಿ ಅಲ್ಲಿ ಮೇಲು ಹಣ ಕೊಟ್ಟು ಹುಡುಕಿದರೆ ನಿರಾಶೆ ಖಂಡಿತ. ಮುಂಬೈಯಲ್ಲಿ ಇರುವವರು ಹಡಗಿನ ಇಂಡಿಯನ್ ರೆಸ್ಟೋರೆಂಟಿಗೆ ಹೆಚ್ಚುವರಿ ತೆರುವುದು ನನಗಂತೂ ಅರ್ಥವಾಗದ ಸಂಗತಿ.

ಈಗ ಸಸ್ಯಾಹಾರಿಗಳ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚು ಮೋಸ ಹೋಗುವವರು ಅವರೇ. ನಾನು ಮೀನು ತಿನ್ನುವವನು, ನನ್ನ ಹೆಂಡತಿ ಮೊಟ್ಟೆಯನ್ನೂ ಮುಟ್ಟದವಳು, ಹೀಗಾಗಿ ಎರಡೂ ಬದಿಯ ಬಿಲ್ಲನ್ನು ಒಂದೇ ಮೇಜಿನಲ್ಲಿ ನೋಡುವ ಭಾಗ್ಯ ನನ್ನದು. ಸ್ಟೇಕ್‌ಹೌಸಿನ ತಲೆಗಿಷ್ಟು ಎಂಬ ದರವನ್ನು ನಿಗದಿ ಮಾಡಿರುವುದೇ ದುಬಾರಿ ದನದ ಮಾಂಸ ಮತ್ತು ಲಾಬ್‌ಸ್ಟರ್‌ನ ಬೆಲೆಯನ್ನು ಎದುರಿಗಿಟ್ಟುಕೊಂಡು. ಅವೆರಡನ್ನೂ ಮುಟ್ಟದ ಗಿರಾಕಿಗೆ ಅದೇ ದರದಲ್ಲಿ ಬರುವುದು ಬೆಣ್ಣೆಯಲ್ಲಿ ಹುರಿದ ಅಣಬೆ, ಒಲೆಯಲ್ಲಿ ಸುಟ್ಟ ಆಲೂಗಡ್ಡೆ, ಪಾಲಕ್ ಸೊಪ್ಪಿನ ಒಂದು ಬಟ್ಟಲು. ಪಕ್ಕದ ಮೇಜಿನವನ ಮಾಂಸದ ಬೆಲೆಯಲ್ಲಿ ಒಂದು ಪಾಲನ್ನು ಈ ಅಣಬೆಯವಳು ಕಟ್ಟುತ್ತಾಳೆ. ಆದ್ದರಿಂದ ಸಸ್ಯಾಹಾರಿಗಳು ತಲೆಲೆಕ್ಕದ ರೆಸ್ಟೋರೆಂಟನ್ನು ಬಿಟ್ಟು, ಒಂದೊಂದು ಪದಾರ್ಥಕ್ಕೆ ಪ್ರತ್ಯೇಕ ಬೆಲೆ ಇರುವ ಕಡೆಗೆ ಹೋಗುವುದು ಲೇಸು. ಅಲ್ಲಿ ತಿಂದಷ್ಟಕ್ಕೆ ಮಾತ್ರ ಬಿಲ್ಲು. ಮೆನುವನ್ನು ಮನೆಯಿಂದ ಹೊರಡುವ ಮುನ್ನವೇ ಕಂಪನಿಯ ಆ್ಯಪ್‌ನಲ್ಲಿ ಓದಬಹುದು. ತನಗೆ ಒಗ್ಗುವ ಮುಖ್ಯ ಖಾದ್ಯ ಮೂರಾದರೂ ಇಲ್ಲದಿದ್ದರೆ ಅಲ್ಲಿಗೆ ಹೋಗುವುದಿಲ್ಲ ಎಂಬುದು ನನ್ನ ಹೆಂಡತಿಯ ನಿಯಮ. ಈ ನಿಯಮ ನಮ್ಮ ಮನೆಯಲ್ಲಿ ಉಳಿಸಿರುವ ಹಣ ಕಡಿಮೆಯೇನಲ್ಲ.

ಮುಖ್ಯ ಸಭಾಂಗಣದಲ್ಲಿ ಅವಳಿಗೆ ಸಿಕ್ಕಿದ್ದನ್ನೂ ಹೇಳಬೇಕು. ಸಿಂಗಾಪುರದಿಂದ ಹೊರಟಿದ್ದ ಒಂದು ಪ್ರಯಾಣದ ಮೊದಲ ರಾತ್ರಿ ನಮ್ಮಿಬ್ಬರ ಮಾತು ಕೇಳಿಸಿಕೊಂಡ ವೇಟರ್ ನೀರು ಸುರಿಯುತ್ತ, ಕನ್ನಡದಲ್ಲಿಯೇ, ಊರು ಯಾವುದಾಯಿತು ಎಂದು ವಿಚಾರಿಸಿದ. ಬೈಂದೂರು ಕಡೆಯ ಹುಡುಗ. ಗೋವಾ, ಮಂಗಳೂರು ಕರಾವಳಿಯಿಂದ ಹಡಗಿನ ಕೆಲಸಕ್ಕೆ ಹೋಗುವುದು ಹಳೆಯ ರೂಢಿ. ಧೋಬಿ ತಲಾವ್‌ನಲ್ಲಿ ಗೋವಾದ ಒಂದೊಂದು ಹಳ್ಳಿಯವರು ಕಟ್ಟಿಕೊಂಡ ಕೂಡ್ ಎಂಬ ವಸತಿಗೃಹಗಳು ನಾವಿಕರು ಮುಂದಿನ ಹಡಗಿಗಾಗಿ ಕಾಯುವ ತಾಣಗಳಾಗಿದ್ದದ್ದು ಮುಂಬೈಯ ಹಳಬರಿಗೆ ಗೊತ್ತು. ಆ ಹುಡುಗ ಹೇಳಿದ್ದಿಷ್ಟೆ: ನಾಳೆ ಏನು ಬೇಕು ಎಂದು ಇವತ್ತೇ ತಿಳಿಸಿ, ಹೆಡ್ ವೇಟರ್‌ಗೆ ಹೇಳಿ ಮಾಡಿಸುತ್ತೇನೆ. ಮರುದಿನದಿಂದ ಅನ್ನ, ದಾಲ್, ಒಂದು ಪಲ್ಯ, ಮೊಸರು ಬಂದವು, ಒಂದು ಪೈಸೆ ಹೆಚ್ಚುವರಿ ಇಲ್ಲದೆ. ಇದು ನಮ್ಮ ಊರಿನವನು ಮಾಡಿದ ಉಪಕಾರ ಮಾತ್ರವಲ್ಲ. ಹಿಂದಿನ ದಿನವೇ ಕೇಳಿದವರಿಗೆ ಬೇರೆ ಹಡಗುಗಳಲ್ಲಿಯೂ ಇಂಥ ಊಟ ಸಿಗುತ್ತದೆ. ಮೂರನೆಯ ರಾತ್ರಿಯ ಹೊತ್ತಿಗೆ ನಾವು ಕೂರುವ ಮುನ್ನವೇ ಮೊಸರಿನ ಬಟ್ಟಲು ಮೇಜಿನ ಮೇಲಿತ್ತು. ಪ್ರತಿ ರಾತ್ರಿ ಬೇರೆ ಬೇರೆ ರೆಸ್ಟೋರೆಂಟಿಗೆ ಅಲೆಯುವವರಿಗೆ ಈ ಪರಿಚಯ ಬೆಳೆಯುವುದೇ ಇಲ್ಲ.

ಪ್ಯಾಕೇಜ್ ಬೇಡ ಎಂದೆನಲ್ಲ, ಅದು ಸ್ವಂತ ಅನುಭವದ ಮಾತು. ಸಿಂಗಾಪುರದ್ದಕ್ಕಿಂತ ಹಿಂದಿನ ಪ್ರಯಾಣ, ಕಂಪನಿಯ ಹೆಸರು ಬೇಡ. ಹೊರಡುವ ಮುನ್ನ ಬಂದ ರಿಯಾಯಿತಿಯ ಮಿಂಚಂಚೆಗೆ ಮರುಳಾಗಿ ಮೂರು ಊಟದ ಕಟ್ಟು ಕೊಂಡಿದ್ದೆ. ಬಿಡಿಯಾಗಿ ಕೊಂಡರೆ ಆಗುವುದಕ್ಕಿಂತ ಅಗ್ಗವೆಂಬುದು ನಿಜವೂ ಆಗಿತ್ತು. ಮೊದಲ ಊಟ ಸೊಗಸಾಗಿತ್ತು. ಎರಡನೆಯದಕ್ಕೆ ಅವರು ಕೊಟ್ಟ ವೇಳೆ ಸಂಜೆ ಐದೂವರೆ, ಏಕೆಂದರೆ ಉಳಿದ ವೇಳೆಗಳೆಲ್ಲ ಭರ್ತಿ. ನಾವು ಮುಂಬೈಯವರು ಚಹಾ ಕುಡಿಯುವ ಹೊತ್ತಿಗೆ ಮೇಜಿನ ಮೇಲೆ ಇಡೀ ಮೀನು ಬಂತು. ಮೂರನೆಯದು ಬಂದರಿನಲ್ಲಿ ಇಡೀ ದಿನ ಸುತ್ತಿ, ಅಲ್ಲಿಯೇ ಹೊಟ್ಟೆ ತುಂಬ ತಿಂದು ಬಂದ ರಾತ್ರಿಗೆ ಬಿತ್ತು. ಹಸಿವಿಲ್ಲ, ಹೋಗದಿದ್ದರೆ ಹಣ ಹೋಗುತ್ತದೆ. ಹೋದೆವು. ಎದುರಿಗೆ ನಾಲ್ಕು ಬಗೆಯ ಸಿಹಿ ಇಟ್ಟುಕೊಂಡು ಪರೀಕ್ಷೆಗೆ ಕುಳಿತವರಂತೆ ಮುಖ ಮಾಡಿಕೊಂಡಿದ್ದ ನಮ್ಮ ಫೋಟೊ ಈಗಲೂ ನನ್ನ ಫೋನಿನಲ್ಲಿದೆ. ಬಿಡಿಯಾಗಿ ಒಂದೇ ಊಟ ಕಾಯ್ದಿರಿಸಿದ್ದರೆ ಆದ ಖರ್ಚಿಗಿಂತ ಕಟ್ಟಿಗೆ ಕೊಟ್ಟದ್ದು ಬಹಳ ಹೆಚ್ಚು, ನೆನಪಿನಲ್ಲಿ ಉಳಿದ ರುಚಿ ಆ ಒಂದರದೇ.

ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ಎರಡು ಮೂರು ರಾತ್ರಿಯ ಪ್ರಯಾಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 1990ರಲ್ಲಿ ನಾರ್ಡಿಕ್ ಎಂಪ್ರೆಸ್ ಎಂಬ ಹೆಸರಿನಿಂದ ಸೇವೆಗಿಳಿದು, 2021ರಿಂದ ಕೊರ್ಡೇಲಿಯಾ ಕಂಪನಿಯ ಎಂಪ್ರೆಸ್ ಆಗಿ ಇಲ್ಲಿಂದ ಓಡಾಡುತ್ತಿರುವ ಹಡಗನ್ನು ನಮ್ಮಲ್ಲಿ ಬಹಳ ಮಂದಿ ಹತ್ತಿದ್ದಾರೆ. ಇಂಥ ಕಿರುಪ್ರಯಾಣದಲ್ಲಿ ಸಿಗುವುದೇ ಎರಡು ಮೂರು ರಾತ್ರಿಯೂಟ. ಒಂದು ಹಡಗನ್ನು ಸುತ್ತಿ ನೋಡುವುದರಲ್ಲಿ, ಇನ್ನೊಂದು ಸಾಮಾನು ಕಟ್ಟುವುದರಲ್ಲಿ ಕಳೆಯುತ್ತದೆ. ಬೇಸರ ಬರಲು ಸಮಯವೇ ಇಲ್ಲ. ಉಳಿಸಿದ ಹಣವನ್ನು ಮರ್ಮಗೋವಾ ಬಂದರಿನಲ್ಲಿ ಇಳಿದ ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನಿನ ಹುಮಣ, ರವೆ ಹಚ್ಚಿ ಹುರಿದ ಬಂಗುಡೆ, ಸೋಲಕಡಿಗೆ ಹಾಕಿದರೆ ಇಬ್ಬರು ಉಂಡ ಮೇಲೂ ಟ್ಯಾಕ್ಸಿಗೆ ಮಿಗುತ್ತದೆ.

ಇಷ್ಟೆಲ್ಲ ಹೇಳಿದರೂ ಏಳು ರಾತ್ರಿಗೆ ಒಂದು ಎಂದು ಬಿಟ್ಟುಕೊಟ್ಟಿದ್ದೇನೆ. ನನ್ನ ಅನುಭವದಲ್ಲಿ ಐದನೆಯ ದಿನದ ಹೊತ್ತಿಗೆ ಮುಖ್ಯ ಸಭಾಂಗಣದ ಊಟ, ಮೆನು ಬದಲಾದರೂ, ಒಂದೇ ಕೈಯ ರುಚಿ ಎನ್ನಿಸತೊಡಗುತ್ತದೆ. ಆಗ ಒಂದು ಬದಲಾವಣೆ ಬೇಕೇ ಬೇಕು. ಆ ರಾತ್ರಿಯನ್ನು ಆರಿಸುವಾಗ, ಬಂದರಿನಲ್ಲಿ ಇಳಿಯುವ ದಿನಗಳನ್ನು ಬಿಟ್ಟು ಇಡೀ ದಿನ ಸಮುದ್ರದಲ್ಲಿಯೇ ಇರುವ ದಿನವನ್ನು ಹಿಡಿಯಿರಿ. ಮಾಂಸಾಹಾರಿಗಳಾದರೆ ಮುಖ್ಯ ಸಭಾಂಗಣದಲ್ಲಿ ಲಾಬ್‌ಸ್ಟರ್ ಬಡಿಸುವ ಔಪಚಾರಿಕ ಉಡುಪಿನ ರಾತ್ರಿಯನ್ನು ತಪ್ಪಿಸಬೇಡಿ. ಮೊದಲ ರಾತ್ರಿ ಈ ರೆಸ್ಟೋರೆಂಟ್‌ಗಳು ಖಾಲಿ ಇರುವುದರಿಂದ ಹಡಗು ಹತ್ತಿದ ಕೂಡಲೇ ಕೇಳಿದರೆ ರಿಯಾಯಿತಿಯೋ ಒಂದು ಬಾಟಲಿ ವೈನೋ ಸಿಗುವುದುಂಟು, ಆದರೆ ಬೇಸರವೇ ಬಾರದ ಮೊದಲ ದಿನ ಬದಲಾವಣೆಗೆ ಹಣ ಕೊಡುವುದು ಹಸಿವಾಗುವ ಮುನ್ನ ಉಂಡ ಹಾಗೆ. ಆನ್‌ಲೈನ್ ದರಗಳು ಹೊರಡುವ ದಿನದವರೆಗೂ ಏರಿಳಿಯುತ್ತವೆ. ರದ್ದು ಮಾಡಲು ಅವಕಾಶವಿದ್ದರೆ ಕಾಯ್ದಿರಿಸಿಟ್ಟು, ಇಳಿದಾಗ ಮತ್ತೆ ಕಾಯ್ದಿರಿಸಬಹುದು.

ಓಷಿಯಾನಿಯಾ, ವೈಕಿಂಗ್, ವರ್ಜಿನ್ ವಾಯೇಜಸ್ ಹಡಗುಗಳಲ್ಲಿ ಇಂಥ ರೆಸ್ಟೋರೆಂಟ್‌ಗಳು ಟಿಕೆಟ್ ದರದಲ್ಲಿಯೇ ಸೇರಿವೆ, ಅಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅವುಗಳ ಟಿಕೆಟ್ ದರ ಅಗ್ಗವಲ್ಲ ಎಂಬುದನ್ನೂ ಸೇರಿಸಬೇಕು. ನನಗೆ ಕಳವಳವಾಗುವುದು ಇದಕ್ಕೆ ಎದುರಾದ ಗಾಳಿ ಬೀಸುತ್ತಿರುವುದರಿಂದ. ಕಾರ್ನಿವಲ್ ಕಂಪನಿ ಮುಖ್ಯ ಸಭಾಂಗಣದಲ್ಲಿಯೂ ಮೂರನೆಯ ಮುಖ್ಯ ಖಾದ್ಯ ಕೇಳಿದವರಿಗೆ 5 ಡಾಲರ್ ಹಾಕತೊಡಗಿತು. ಮೂರು ಮುಖ್ಯ ಖಾದ್ಯ ತಿನ್ನುವವರು ವಿರಳ ಎಂಬುದು ನಿಜ, ಆದರೆ ಬಾಳೆ ಎಲೆಯ ಊಟಕ್ಕೆ ಹಣ ಕೊಟ್ಟು ಕುಳಿತವನಿಗೆ ಎರಡನೆಯ ಸಲದ ಅನ್ನಕ್ಕೆ ಚೀಟಿ ಹರಿದಂತೆ ಅದು ಕಾಣುತ್ತದೆ.

ಬರುವ ಜನವರಿಯಲ್ಲಿ ನಾವು ಹತ್ತು ರಾತ್ರಿಯ ಪ್ರಯಾಣಕ್ಕೆ ಹೊರಟಿದ್ದೇವೆ, ಈ ಸಲ ಜೊತೆಗೆ ನನ್ನ ಅತ್ತೆಯವರೂ ಇರುತ್ತಾರೆ. ಅವರಿಗೆ ಮಂಡಿನೋವು, ದೊಡ್ಡ ಸಭಾಂಗಣದ ಬಾಗಿಲಿನಲ್ಲಿ ನಿಲ್ಲಲಾಗುವುದಿಲ್ಲ, ಆದ್ದರಿಂದ ಮೂರು ಊಟವಾಗಲಿ ಎಂದು ಹೆಂಡತಿಯ ವಾದ. ನಾನು ಎರಡಕ್ಕೆ ನಿಂತಿದ್ದೆ. ಕೊನೆಗೆ ರಾತ್ರಿಯ ಊಟ ಎರಡು, ಸಮುದ್ರದಲ್ಲಿ ಕಳೆಯುವ ಒಂದು ದಿನ ಕಡಿಮೆ ದರದ ಮಧ್ಯಾಹ್ನದ ಊಟ ಒಂದು ಎಂದು ಒಪ್ಪಂದವಾಗಿದೆ. ಅತ್ತೆಯವರು ಇದನ್ನೆಲ್ಲ ಕೇಳಿಸಿಕೊಂಡು, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಒಯ್ಯಲು ಬಿಡುತ್ತಾರೋ ಇಲ್ಲವೋ, ಅದನ್ನು ಮೊದಲು ವಿಚಾರಿಸು ಎಂದಿದ್ದಾರೆ.