ಆ ಕಡೆ ಓದುವವರು ಯಾರು? ಆನ್‌ಲೈನ್ ಉದ್ಯೋಗ ಅರ್ಜಿಯಲ್ಲಿ ಆಗುವ ತಪ್ಪುಗಳು

ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಪದವಿ ಮತ್ತು ಡಿಪ್ಲೊಮಾ ಅಂತಿಮ ವರ್ಷದ ವಿದ್ಯಾರ್ಥಿಗಳೇ,

ನಿಮ್ಮ ತಂದೆ ತಾಯಿಯರ ಕಾಲದಲ್ಲಿ ಕೆಲಸ ಬೇಕೆಂದರೆ ಜಿಲ್ಲಾ ಕೇಂದ್ರದ ಉದ್ಯೋಗ ವಿನಿಮಯ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ, ಕಾರ್ಡು ಪಡೆದು, ಅದನ್ನು ಕಾಲಕಾಲಕ್ಕೆ ನವೀಕರಿಸುತ್ತಾ ಕಾಯಬೇಕಿತ್ತು. ಸರ್ಕಾರಿ ಸಂಸ್ಥೆಗಳೂ 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಆ ಕಚೇರಿಗಳಿಗೆ ತಿಳಿಸಬೇಕೆಂದು 1959ರಲ್ಲೇ ಕಾಯ್ದೆ ಬಂದಿತ್ತು. 1997ರಲ್ಲಿ ನೌಕ್ರಿ ಡಾಟ್ ಕಾಮ್, 2003ರಲ್ಲಿ ಲಿಂಕ್ಡ್‌ಇನ್, 2015ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ ಬಂದವು. ಈಗ ಹಾಸ್ಟೆಲಿನ ಕೋಣೆಯಲ್ಲಿ ಕುಳಿತು ಒಂದು ಸಂಜೆಯಲ್ಲಿ ಐವತ್ತು ಕಂಪನಿಗಳಿಗೆ ಅರ್ಜಿ ಹಾಕಬಹುದು. ಕಳಿಸುವುದು ಇಷ್ಟು ಸುಲಭವಾದರೂ ಓದುವುದು ಮಾತ್ರ ಮೊದಲಿನಷ್ಟೇ ಶ್ರಮದ ಕೆಲಸವಾಗಿ ಉಳಿದಿದೆ. ಒಂದು ಹುದ್ದೆಗೆ ನೂರಾರು ಅರ್ಜಿಗಳು ಬಂದಾಗ ಒಂದೊಂದಕ್ಕೆ ಸಿಗುವುದು ಕೆಲವೇ ಕ್ಷಣಗಳ ಗಮನ.

ನೇಮಕಾತಿಯ ಕೆಲಸದಲ್ಲಿದ್ದು ಇಂಥ ಅರ್ಜಿಗಳನ್ನು ಓದುತ್ತಾ ಬಂದಿರುವ ನನಗೆ ತೋರಿರುವುದು ಇಷ್ಟು: ಬೇರೆ ಬೇರೆಯಾಗಿ ಕಾಣುವ ಬಹುಪಾಲು ತಪ್ಪುಗಳು ಒಂದೇ ಕಡೆಯಿಂದ ಹುಟ್ಟುತ್ತವೆ. ಕಳಿಸುವ ಗುಂಡಿ ಒತ್ತುವ ಮುನ್ನ, ಆ ಕಡೆ ಇದನ್ನು ಓದುವವರು ಯಾರು, ಅವರಿಗೆ ನನ್ನಿಂದ ಏನು ತಿಳಿಯಬೇಕಾಗಿದೆ ಎಂದು ನಾವು ಕೇಳಿಕೊಳ್ಳುವುದಿಲ್ಲ. ಈ ಪ್ರಶ್ನೆಯನ್ನು ಬಿಟ್ಟದ್ದರಿಂದಲೇ ಒಳ್ಳೆಯ ಉದ್ಯೋಗದಾತರು ನಮ್ಮನ್ನು ಗಮನಿಸದೆ ಮುಂದೆ ಸಾಗುತ್ತಾರೆ. ಇದೇ ಪ್ರಶ್ನೆಯನ್ನು ಬಿಟ್ಟದ್ದರಿಂದ ವಂಚಕರ ಕೈಗೂ ಸಿಕ್ಕಿಬೀಳುತ್ತೇವೆ.

ಓದುವವರು ಯಾರೆಂದು ಮೊದಲು ನೋಡೋಣ. ಪೀಣ್ಯದಲ್ಲೋ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲೋ ಇರುವ ಸಣ್ಣ ಕಾರ್ಖಾನೆಗೆ ಪ್ರತ್ಯೇಕ ಎಚ್‌ಆರ್ ವಿಭಾಗ ಇರುವುದು ಅಪರೂಪ. ಲೆಕ್ಕಪತ್ರ ನೋಡುವ ಮಹಿಳೆಯೋ ಸ್ವತಃ ಮಾಲೀಕರೋ ಬಿಲ್ಲುಗಳು, ಗ್ರಾಹಕರ ಪತ್ರಗಳ ನಡುವೆ ನಿಮ್ಮ ಇಮೇಲನ್ನೂ ಮೊಬೈಲಿನಲ್ಲೇ ತೆರೆಯುತ್ತಾರೆ. ದೊಡ್ಡ ಕಂಪನಿಯಲ್ಲಾದರೆ ತಂತ್ರಾಂಶವೊಂದು ಅರ್ಜಿಗಳನ್ನು ಜೋಡಿಸಿಡುತ್ತದೆ. ಒಂದೇ ವೇಳೆಗೆ ಹಲವು ಹುದ್ದೆಗಳನ್ನು ತುಂಬಬೇಕಾದ ಒಬ್ಬ ಸಿಬ್ಬಂದಿ ಅದರಲ್ಲಿ ಹುಡುಕುತ್ತಾರೆ. ಇಬ್ಬರಿಗೂ ಬೇಕಾದದ್ದು ಒಂದೇ: ಇವರು ಕೇಳುತ್ತಿರುವುದು ಯಾವ ಹುದ್ದೆ, ಅದಕ್ಕೆ ಬೇಕಾದ ಕೆಲಸ ಇವರಿಗೆ ಬರುತ್ತದೆಯೇ, ಎಂದಿನಿಂದ ಬರಬಲ್ಲರು, ಯಾವ ನಂಬರಿಗೆ ಕರೆ ಮಾಡಬೇಕು.

ಈಗ ನಮ್ಮ ಇಮೇಲುಗಳನ್ನು ನೋಡಿ. ವಿಷಯದ ಸಾಲಿನಲ್ಲಿ "ರೆಸ್ಯೂಮ್" ಎಂಬ ಒಂದೇ ಪದವಿರುತ್ತದೆ, ಇಲ್ಲವೆ ಅದು ಖಾಲಿಯಿರುತ್ತದೆ. ಮೊಬೈಲಿನ ಪರದೆಯಲ್ಲಿ ವಿಷಯದ ಮೊದಲ ಕೆಲವು ಪದಗಳಷ್ಟೇ ಕಾಣುವುದರಿಂದ ಹುದ್ದೆಯ ಹೆಸರೇ ಮೊದಲು ಬರಬೇಕು. "ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ, ಬಿ.ಕಾಂ., ಟ್ಯಾಲಿ ಬಲ್ಲೆ, ತುಮಕೂರು" ಎಂದು ಬರೆದರೆ ಇಮೇಲ್ ತೆರೆಯುವ ಮೊದಲೇ ಅರ್ಧ ವಿಚಾರ ತಿಳಿಯುತ್ತದೆ. ಜಾಹೀರಾತಿನಲ್ಲಿ ಹುದ್ದೆಯ ಸಂಕೇತ ಸಂಖ್ಯೆ ಕೊಟ್ಟಿದ್ದರೆ ಅದನ್ನೂ ಸೇರಿಸಬೇಕು.

ಒಂದೇ ಇಮೇಲನ್ನು ನಲವತ್ತು ಕಂಪನಿಗಳ ವಿಳಾಸ ಹಾಕಿ ಒಟ್ಟಿಗೆ ಕಳಿಸುವವರೂ ಇದ್ದಾರೆ. ಪಡೆದ ಪ್ರತಿಯೊಬ್ಬರಿಗೂ ಉಳಿದ ಮೂವತ್ತೊಂಬತ್ತು ವಿಳಾಸಗಳು ಕಾಣುತ್ತವೆ. ಈ ಪತ್ರ ತನಗಾಗಿ ಬರೆದದ್ದಲ್ಲ ಎಂಬುದು ಅಲ್ಲೇ ಖಚಿತವಾಗುತ್ತದೆ. ಇತ್ತೀಚೆಗೆ ಇದಕ್ಕೆ ಹೊಸ ರೂಪ ಬಂದಿದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶದಿಂದ ಪತ್ರ ಬರೆಸಿ, ಓದದೆಯೇ ಕಳಿಸುತ್ತಾರೆ. "ನಿಮ್ಮ ಪ್ರತಿಷ್ಠಿತ ಸಂಸ್ಥೆಯ ಬೆಳವಣಿಗೆಗೆ ಕೊಡುಗೆ ನೀಡಲು ಉತ್ಸುಕನಾಗಿದ್ದೇನೆ" ಎಂಬ ಒಂದೇ ಅರ್ಥದ ವಾಕ್ಯ ಹತ್ತಾರು ಅರ್ಜಿಗಳಲ್ಲಿ ಬರುತ್ತದೆ. ಕೆಲವು ಪತ್ರಗಳಲ್ಲಿ "ಇಲ್ಲಿ ಕಂಪನಿಯ ಹೆಸರು ಬರೆಯಿರಿ" ಎಂಬ ಸೂಚನೆಯೂ ಹಾಗೆಯೇ ಉಳಿದಿರುತ್ತದೆ. ವ್ಯಾಕರಣ ತಿದ್ದಿಕೊಳ್ಳಲು ತಂತ್ರಾಂಶದ ನೆರವು ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ನೀವು ಏನು ಕಲಿತಿದ್ದೀರಿ, ಯಾವ ಯಂತ್ರದ ಮುಂದೆ ನಿಂತಿದ್ದೀರಿ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ನೀವೇ ಹೇಳಬೇಕು.

ಪತ್ರದ ಒಡಲಿನ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡುತ್ತೇನೆ, ಏಕೆಂದರೆ ನಮ್ಮ ಮಕ್ಕಳು ಹೆಚ್ಚು ಸೋಲುವುದು ಇಲ್ಲಿ. ಕೆಲವರು ಏನನ್ನೂ ಬರೆಯದೆ ರೆಸ್ಯೂಮನ್ನಷ್ಟೇ ಲಗತ್ತಿಸುತ್ತಾರೆ. ಇನ್ನು ಕೆಲವರು ಮನೆಯ ಕಷ್ಟವನ್ನು ಬರೆಯುತ್ತಾರೆ: ತಂದೆಗೆ ಆರೋಗ್ಯವಿಲ್ಲ, ತಂಗಿಯ ಓದು ನಿಲ್ಲುವ ಸ್ಥಿತಿಯಲ್ಲಿದೆ, ದಯವಿಟ್ಟು ಯಾವುದಾದರೂ ಕೆಲಸ ಕೊಡಿ. ಆ ಕಷ್ಟ ನಿಜವಾದದ್ದು, ಅದನ್ನು ಓದುವಾಗ ಮನಸ್ಸು ನೋಯುತ್ತದೆ. ಆದರೆ ಓದುವವರು ನಿರ್ಧರಿಸಬೇಕಾದದ್ದು ಒಂದು ಯಂತ್ರವನ್ನೋ ಒಂದು ಲೆಕ್ಕದ ಪುಸ್ತಕವನ್ನೋ ಯಾರ ಕೈಗೆ ಒಪ್ಪಿಸಬಹುದು ಎಂಬುದನ್ನು, ಆ ನಿರ್ಧಾರಕ್ಕೆ ಬೇಕಾದ ಮಾಹಿತಿ ಪತ್ರದಲ್ಲಿ ಇರುವುದಿಲ್ಲ. "ಯಾವುದಾದರೂ ಕೆಲಸ" ಎಂಬ ಮಾತು ವಿನಯದಿಂದ ಬಂದದ್ದಾದರೂ, ನಿಮಗೆ ಯಾವ ಕೆಲಸ ಒಪ್ಪುತ್ತದೆಂದು ಹುಡುಕುವ ಹೊಣೆಯನ್ನು ಅದು ಓದುವವರ ಮೇಲೆ ಹೊರಿಸುತ್ತದೆ. ಅದರ ಬದಲು "ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಆರು ತಿಂಗಳು ಅಪ್ರೆಂಟಿಸ್ ಆಗಿದ್ದೆ, ಸಿಎನ್‌ಸಿ ಟರ್ನಿಂಗ್ ಯಂತ್ರದಲ್ಲಿ ಕೆಲಸ ಮಾಡಿದ್ದೇನೆ, ಡ್ರಾಯಿಂಗ್ ಓದಬಲ್ಲೆ, ವರ್ನಿಯರ್ ಮತ್ತು ಮೈಕ್ರೊಮೀಟರ್ ಬಳಸಿ ಅಳತೆ ಪರೀಕ್ಷಿಸಬಲ್ಲೆ, ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಬರಬಲ್ಲೆ" ಎಂದು ಬರೆದ ಹುಡುಗನಿಗೆ ಕರೆ ಮಾಡಲು ಕಾರಣ ಸಿಗುತ್ತದೆ.

ಇಂಗ್ಲಿಷಿನ ಅಂಜಿಕೆಯೂ ಇಲ್ಲಿ ಕೆಲಸ ಮಾಡುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಎಲ್ಲಿಂದಲೋ ಎರವಲು ತಂದ ಭಾರವಾದ ವಾಕ್ಯಗಳ ಹಿಂದೆ ಅಡಗಿಕೊಳ್ಳುತ್ತಾರೆ. ನಾಲ್ಕು ಸರಳ ಇಂಗ್ಲಿಷ್ ವಾಕ್ಯಗಳು ಸಾಕು. ಜಾಹೀರಾತು ಕನ್ನಡದಲ್ಲಿದ್ದರೆ, ಅಂದರೆ ಶಾಲೆ, ಪತ್ರಿಕೆ, ಸಹಕಾರ ಸಂಘಗಳಂಥ ಕಡೆಯಿಂದ ಬಂದದ್ದಾದರೆ, ಕನ್ನಡದಲ್ಲೇ ಬರೆಯುವುದು ಉಚಿತ. ಹಾಗೆ ಬರೆಯುವವರು ಒಂದು ತಾಂತ್ರಿಕ ಸಂಗತಿಯನ್ನು ಮರೆಯಬಾರದು. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ವರ್ಡ್ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿಯಾಗಿ ಕಂಡೀತು, ಆದರೆ ತಂತ್ರಾಂಶ ಅದರಲ್ಲಿ ಹುಡುಕಿದಾಗ ನಿಮ್ಮ ಹೆಸರೂ ಸಿಗುವುದಿಲ್ಲ. ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತದಲ್ಲಿ ಬರೆದು, ಪಿಡಿಎಫ್ ಮಾಡಿ ಕಳಿಸಿ.

ಲಗತ್ತಿಸುವ ಕಡತಗಳ ವಿಷಯದಲ್ಲಿ ಇನ್ನೂ ಕೆಲವು ಎಡವಟ್ಟುಗಳಿವೆ. ಗೂಗಲ್ ಡ್ರೈವ್ ಕೊಂಡಿ ಕಳಿಸಿ, ಅದನ್ನು ಇತರರು ನೋಡಲು ಅನುಮತಿ ಕೊಟ್ಟಿರುವುದಿಲ್ಲ. ಓದುವವರು ಒತ್ತಿದಾಗ ಅನುಮತಿ ಕೇಳಬೇಕೆಂಬ ಪುಟ ಬರುತ್ತದೆ. ಅವರು ಕೇಳುತ್ತಾ ಕೂರುವುದಿಲ್ಲ. ಮುದ್ರಿತ ರೆಸ್ಯೂಮನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಿದರೆ ಅಕ್ಷರಗಳು ಓರೆಯಾಗಿರುತ್ತವೆ. ಕಡತದ ಹೆಸರು "ಫೈನಲ್ ನ್ಯೂ 2" ಎಂದಿದ್ದರೆ ಅದನ್ನು ಇಳಿಸಿಕೊಂಡವರಿಗೆ ಮರುದಿನ ಯಾರದೆಂದು ಗೊತ್ತಾಗುವುದಿಲ್ಲ. ನಿಮ್ಮ ಹೆಸರು ಮತ್ತು ಹುದ್ದೆ ಅದರಲ್ಲಿರಲಿ.

ಹೆಸರಿನ ಮಾತು ಬಂದದ್ದರಿಂದ, ಕರ್ನಾಟಕದವರಿಗೆ ವಿಶೇಷವಾಗಿ ಅನ್ವಯಿಸುವ ಒಂದು ಸಂಗತಿ. ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರಿಲ್ಲ, ಇನಿಷಿಯಲ್ ಇರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ "ಮಂಜುನಾಥ ಎಚ್.", ಆಧಾರ್‌ನಲ್ಲಿ "ಮಂಜುನಾಥ್", ಬ್ಯಾಂಕಿನಲ್ಲಿ "ಎಚ್. ಮಂಜುನಾಥ", ಇಮೇಲಿನಲ್ಲಿ ಕಾಲೇಜು ಗೆಳೆಯರು ಇಟ್ಟ ಅಡ್ಡಹೆಸರು. ಪೋರ್ಟಲ್ ಕೊನೆಯ ಹೆಸರನ್ನು (ಲಾಸ್ಟ್ ನೇಮ್) ಕಡ್ಡಾಯವಾಗಿ ಕೇಳಿದಾಗ ಒಂದೊಂದು ಕಡೆ ಒಂದೊಂದು ರೀತಿ ತುಂಬುತ್ತೀರಿ. ಕೆಲಸ ಸಿಕ್ಕ ಮೇಲೆ ದಾಖಲೆ ಪರಿಶೀಲನೆಯ ಹಂತದಲ್ಲಿ ಇದು ತೊಡಕಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಎಲ್ಲೆಡೆ ಬರೆಯಿರಿ, ಆ ಹೆಸರಿನಲ್ಲೇ ಒಂದು ಇಮೇಲ್ ವಿಳಾಸ ಮಾಡಿಕೊಳ್ಳಿ. ಕೊಟ್ಟ ಮೊಬೈಲ್ ನಂಬರು ನಿಮ್ಮದೇ ಆಗಿರಲಿ, ಅರ್ಜಿ ಹಾಕಿದ ದಿನಗಳಲ್ಲಿ ಪರಿಚಯವಿಲ್ಲದ ನಂಬರಿನಿಂದ ಬಂದ ಕರೆಯನ್ನೂ ಸ್ವೀಕರಿಸಿ.

ಲಿಂಕ್ಡ್‌ಇನ್ ಮತ್ತು ವಾಟ್ಸ್‌ಆ್ಯಪ್‌ಗಳಲ್ಲಿ "ಹಾಯ್" ಎಂದು ಬರೆದು ಉತ್ತರಕ್ಕೆ ಕಾಯುವ ಅಭ್ಯಾಸ ಬೆಳೆದಿದೆ. ಅಪರಿಚಿತರಿಗೆ ಬರೆಯುವಾಗ ನಮಸ್ಕಾರ, ಪರಿಚಯ, ಹುದ್ದೆ, ಕೋರಿಕೆ ಎಲ್ಲವೂ ಮೊದಲ ಸಂದೇಶದಲ್ಲೇ ಇರಬೇಕು. ಧ್ವನಿ ಸಂದೇಶ ಬೇಡ. ಅರ್ಜಿ ಹಾಕಿ ವಾರವಾದ ಮೇಲೆ, ಹಿಂದಿನ ಇಮೇಲಿಗೇ ಪ್ರತ್ಯುತ್ತರವಾಗಿ ಎರಡು ಸಾಲಿನಲ್ಲಿ ವಿಚಾರಿಸುವುದು ಸಭ್ಯತೆ; ದಿನಕ್ಕೆ ಮೂರು ಬಾರಿ ವಿಚಾರಿಸಿದರೆ ನಂಬರು ಬ್ಲಾಕ್ ಆಗುತ್ತದೆ. ಬೇರೆ ಕಡೆ ಸೇರಿದ್ದರೆ ಅದನ್ನೂ ತಿಳಿಸಿ, ಆ ಹುದ್ದೆಗೆ ಇನ್ನೊಬ್ಬರನ್ನು ಕರೆಯಲು ಅವರಿಗೆ ಸಾಧ್ಯವಾಗುತ್ತದೆ.

ಇನ್ನೊಂದು ಅಭ್ಯಾಸ ಅಪಾಯಕಾರಿ. ಉದ್ಯೋಗ ಪ್ರಕಟಣೆಯ ಕೆಳಗೆ "ಇಂಟರೆಸ್ಟೆಡ್" ಎಂದು ಬರೆದು, ಎಲ್ಲರಿಗೂ ಕಾಣುವಂತೆ ಮೊಬೈಲ್ ನಂಬರು ಹಾಕುತ್ತಾರೆ. ಕೆಲಸದ ತುರ್ತಿರುವವರ ನಂಬರುಗಳ ಪಟ್ಟಿ ವಂಚಕರಿಗೆ ಅಲ್ಲಿ ಸಿದ್ಧವಾಗಿ ಸಿಗುತ್ತದೆ. ಅದರ ಜೊತೆಗೆ ನಮ್ಮ ಬಯೋಡೇಟಾಗಳಲ್ಲಿ ಜಾತಿ, ತಂದೆಯ ಉದ್ಯೋಗ, ಮನೆಯ ಪೂರ್ತಿ ವಿಳಾಸ ಎಲ್ಲವೂ ಇರುತ್ತವೆ. ಆಧಾರ್, ಪ್ಯಾನ್, ಅಂಕಪಟ್ಟಿಗಳ ಪ್ರತಿಗಳನ್ನು ಯಾರೂ ಕೇಳದಿದ್ದರೂ ಮೊದಲ ಇಮೇಲಿಗೇ ಲಗತ್ತಿಸುತ್ತೇವೆ. ಖಾಸಗಿ ಹುದ್ದೆಯ ಮೊದಲ ಸುತ್ತಿಗೆ ಇವು ಬೇಕಿಲ್ಲ. ಆಯ್ಕೆಯ ನಂತರ ಗುರುತಿನ ದಾಖಲೆ ಕೇಳಿದಾಗಲೂ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದಲೇ ಪಡೆದು, ಅದು ಸಾಲುತ್ತದೆಯೇ ಎಂದು ಕೇಳಬಹುದು.

ವಂಚಕರು ನಮ್ಮ ಅರ್ಜಿಯನ್ನು ಎಂದೂ ತಿರಸ್ಕರಿಸುವುದಿಲ್ಲ. ಸಂದರ್ಶನವಿಲ್ಲದೆ ನೇಮಕಾತಿ ಪತ್ರ ಬರುತ್ತದೆ, ಅದರ ಮೇಲೆ ದೊಡ್ಡ ಕಂಪನಿಯ ಲಾಂಛನವಿರುತ್ತದೆ, ಕಳಿಸಿದ ವಿಳಾಸ ಮಾತ್ರ ಉಚಿತ ಇಮೇಲ್ ಸೇವೆಯದ್ದು. ನಂತರ ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ ಎಂದು ಹಣ ಕೇಳುತ್ತಾರೆ. "ಹಣ ವಾಪಸು ಕಳಿಸುತ್ತೇವೆ, ಯುಪಿಐ ಪಿನ್ ಹಾಕಿ" ಎನ್ನುತ್ತಾರೆ; ಹಣ ಪಡೆಯಲು ಪಿನ್ ಹಾಕುವ ಅಗತ್ಯವೇ ಇಲ್ಲ. ಅನುಮಾನ ಬಂದರೆ ಕಂಪನಿಯ ಅಧಿಕೃತ ಜಾಲತಾಣವನ್ನು ನೀವಾಗಿಯೇ ತೆರೆದು, ಉದ್ಯೋಗಾವಕಾಶದ ಪುಟದಲ್ಲಿ ಆ ಹುದ್ದೆ ಇದೆಯೇ ನೋಡಿ, ಅಲ್ಲಿರುವ ನಂಬರಿಗೆ ಕರೆ ಮಾಡಿ ಕೇಳಿ. ಅವರು ಕಳಿಸಿದ ಕೊಂಡಿಯಿಂದ ಹೋಗಬೇಡಿ.

ವಿದೇಶದ ಕೆಲಸವೆಂದರೆ ಎಚ್ಚರ ಇಮ್ಮಡಿಯಾಗಬೇಕು. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸವೆಂದು ಸಾಮಾಜಿಕ ಜಾಲತಾಣಗಳ ಮೂಲಕ ಕರೆಸಿಕೊಂಡ ಭಾರತೀಯ ಯುವಕರನ್ನು ಮ್ಯಾನ್ಮಾರ್‌ಗೆ ಸಾಗಿಸಿ, ಸೈಬರ್ ವಂಚನೆಯ ಕೇಂದ್ರಗಳಲ್ಲಿ ಬಲವಂತವಾಗಿ ದುಡಿಸಲಾಯಿತು. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ವಾಯುಪಡೆಯ ವಿಮಾನಗಳಲ್ಲಿ ಅಂಥ ನೂರಾರು ಜನರನ್ನು ಕರೆತಂದಿತು. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯಿದೆ. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿಯಿದೆ, ರಸೀದಿಯನ್ನೂ ಕೊಡಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಕೆಲಸದ ವೀಸಾ ಮಾಡಿಸುತ್ತೇವೆ ಎನ್ನುವವರ ಜೊತೆ ಮಾತು ಮುಂದುವರಿಸಬೇಡಿ.

ಹಣ ಕಳೆದುಕೊಂಡವರು ನಾಚಿಕೆಯಿಂದ ಸಂದೇಶಗಳನ್ನು ಅಳಿಸಿ, ಮನೆಯಲ್ಲಿ ಹೇಳದೆ ಸುಮ್ಮನಾಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಕ್ಷಣ ಸೈಬರ್ ವಂಚನೆಯ ದೂರಿಗಾಗಿ ಇರುವ 1930 ಸಹಾಯವಾಣಿಗೆ ಕರೆ ಮಾಡಿದರೆ, ಹಣ ವಂಚಕರ ಖಾತೆಯಿಂದ ಮುಂದೆ ಸಾಗುವ ಮೊದಲೇ ಬ್ಯಾಂಕುಗಳ ಮೂಲಕ ತಡೆಹಿಡಿಯಲು ಅವಕಾಶವಿರುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ. ಬಂದ ನೇಮಕಾತಿ ಪತ್ರ, ಚಾಟ್‌ನ ಸ್ಕ್ರೀನ್‌ಶಾಟ್, ವಹಿವಾಟಿನ ಯುಟಿಆರ್ ಸಂಖ್ಯೆ (ಹಣ ವರ್ಗಾವಣೆಯ ಗುರುತಿನ ಸಂಖ್ಯೆ), ಅವರು ಕರೆ ಮಾಡಿದ ನಂಬರು, ಇವಿಷ್ಟನ್ನೂ ದೂರಿನ ಜೊತೆ ಕೊಡಿ.